ಅಡುಗೆಮನೆಯಲ್ಲಿ ಎರಡೇ ಕಡ್ಡಿ: ಒಂದು ತೋಟದ ಮನೆಗೆ ವಿಆರ್ ಬಂದ ಪ್ರಕರಣ

ನಾನು ಚಿಕ್ಕಮಗಳೂರಿನಲ್ಲಿ ಸಿಸಿಟಿವಿ, ವೈಫೈ, ಇನ್ವರ್ಟರ್ ಕೆಲಸ ಮಾಡುವವನು. ಆಲ್ದೂರು, ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳೇ ನನ್ನ ಹೆಚ್ಚಿನ ಗಿರಾಕಿಗಳು. ಈಚೆಗೆ ಹೊಸ ನಮೂನೆಯ ಕರೆಗಳು ಬರುತ್ತಿವೆ. "ಮಗ ಹೊರಗಡೆಯಿಂದ ವಿಆರ್ ಹೆಡ್‌ಸೆಟ್ ತಂದಿಟ್ಟು ಹೋಗಿದ್ದಾನೆ, ಬಂದು ಸರಿ ಮಾಡಿಕೊಡು" ಅಂತ. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರಿನಲ್ಲಿ ಕಟ್ಟಿದ ಜಾಗದೊಳಗೇ ಇದ್ದ ಹಾಗೆ ಕಾಣಿಸುವಂಥದ್ದು. ಆಟ ಆಡುವುದಕ್ಕಲ್ಲ. ದೂರ ಇರುವವರು ಒಂದೇ ಕೋಣೆಯಲ್ಲಿ ಕೂತ ಹಾಗೆ ಕೂತು ಮಾತಾಡುವುದಕ್ಕೆ.

ಮೊದಲು ಇಂಥ ಕೆಲಸ ಮಾಡಿದ ಮನೆಯಲ್ಲಿ ನಾನು ಏನೇನು ತಪ್ಪು ಮಾಡಿದೆ, ಆ ಮನೆಯ ಮಾತುಕತೆ ಹೇಗೆ ಅಡಿಮೇಲಾಗಿ ಮತ್ತೆ ಒಂದು ಹದಕ್ಕೆ ಬಂತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಊರು, ತೋಟ, ಮನೆತನದ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಮನೆಯವರಿಗೆ ಓದಿ ಹೇಳಿ ಒಪ್ಪಿಗೆ ತಗೊಂಡಿದ್ದೇನೆ. ಒಂದು ಕಡೆ ಮಾತ್ರ ಆ ಮನೆಯ ಅಮ್ಮ "ಅದು ಬೇಡ" ಅಂದರು, ಅದು ಇಲ್ಲಿ ಇಲ್ಲ.

ಮನೆ ಮತ್ತು ಫೋನು

ಮೂಡಿಗೆರೆ ತಾಲೂಕು. ಹೆಂಚಿನ ಮನೆ, ಮುಂದೆ ಉದ್ದ ಜಗಲಿ, ಎದುರಿಗೆ ಕಾಫಿ ಒಣಗಿಸುವ ಕಣ. ಇರುವವರು ಇಬ್ಬರೇ. ಗೌಡ್ರಿಗೆ 72, ಅಮ್ಮನಿಗೆ 66. ಮಗ ಜರ್ಮನಿಯಲ್ಲಿ, ಮಗಳು ಬೆಂಗಳೂರಿನಲ್ಲಿ. ನಮ್ಮ ಕಡೆ ಇಂಥ ಮನೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ರಸ್ತೆ ತಿರುವಿಗೊಂದು ಸಿಗುತ್ತದೆ.

ಭಾನುವಾರ ಸಂಜೆ ವಾಟ್ಸಾಪ್ ವಿಡಿಯೊ ಕರೆ. ಫೋನು ಯಾವಾಗಲೂ ಅಮ್ಮನ ಕೈಯಲ್ಲೇ. ಊರಿನ ಸುದ್ದಿ, ಮದುವೆ, ಸಾವು, ಕೆಲಸದವರು ಬಂದದ್ದು ಬಾರದ್ದು ಎಲ್ಲ ಅವರೇ ಹೇಳಿ, ಕೊನೆಗೆ "ತಗೊಳ್ಳಿ, ಮಾತಾಡಿ" ಅಂತ ಗೌಡ್ರ ಮುಖದ ಮುಂದೆ ಹಿಡಿಯುತ್ತಿದ್ದರು. ಗೌಡ್ರು "ಹ್ಞಾಂ, ಹೇಗಿದ್ದೀಯ? ಇಲ್ಲಿ ಮಳೆ ಹಿಡ್ಕೊಂಡಿದೆ. ಸರಿ, ಅಮ್ಮನಿಗೆ ಕೊಡ್ತೀನಿ" ಅನ್ನುತ್ತಿದ್ದರು. ಅಷ್ಟೇ. ಆರು ವರ್ಷದಿಂದ ಇದೇ ಮೂರು ವಾಕ್ಯ.

ಅಪ್ಪ ಮಗನ ನಡುವೆ ಮನಸ್ತಾಪ ಏನೂ ಇರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಮಾತಾಡುವ ಅಭ್ಯಾಸವೇ ಅವರಿಗೆ ಇರಲಿಲ್ಲ, ಅಷ್ಟೇ. ಮಗ ಊರಲ್ಲಿದ್ದಾಗ ಇಬ್ಬರೂ ಜಗಲಿ ಮೇಲೆ ಕಣದ ಕಡೆ ಮುಖ ಮಾಡಿ ಕೂರುತ್ತಿದ್ದರಂತೆ. ಹತ್ತು ನಿಮಿಷಕ್ಕೊಂದು ಮಾತು. ಮಧ್ಯೆ ಎಲೆ ಅಡಿಕೆ. ಈ ಥರದ ಮಾತನ್ನು ವಿಡಿಯೊ ಕರೆಯಲ್ಲಿ ಹೇಗೆ ಆಡುವುದು? ಹತ್ತು ಸೆಕೆಂಡ್ ಸುಮ್ಮನಿದ್ದರೆ ಆ ಕಡೆಯವರು "ಹಲೋ, ಕೇಳಿಸ್ತಿದೆಯಾ?" ಅನ್ನುತ್ತಾರೆ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ ವಿಡಿಯೊ ಕರೆಯಿಂದ ಯಾಕೆ ಸುಸ್ತಾಗುತ್ತದೆ ಎಂದು ನಾಲ್ಕು ಕಾರಣ ಬರೆದಿದ್ದರು. ಎದುರಿನವರ ಮುಖ ತೀರಾ ಹತ್ತಿರ, ಕಣ್ಣು ತೀರಾ ನೇರ ಅನ್ನುವುದು ಅದರಲ್ಲಿ ಒಂದು. ನಮ್ಮ ಮುಖವನ್ನೇ ನಾವು ನೋಡುತ್ತಾ ಕೂರಬೇಕು ಅನ್ನುವುದು ಇನ್ನೊಂದು. ಗೌಡ್ರು ಅದನ್ನು ಓದಿದವರಲ್ಲ. "ಅದರೊಳಗೆ ನನ್ನ ಮುಖ ನನಗೇ ಕಾಣ್ತದೆ ಮಾರಾಯ, ಮಾತು ಮರ್ತೇ ಹೋಗ್ತದೆ" ಅಂತ ನನ್ನ ಹತ್ತಿರ ಅವರೇ ಹೇಳಿದ್ದರು.

ಮೇ ತಿಂಗಳಲ್ಲಿ ರಜೆಗೆ ಬಂದ ಮಗ ಒಂದು ಹೆಡ್‌ಸೆಟ್ ತಂದು ಬಿಟ್ಟು ಹೋದ. ಅಂಥದೇ ಇನ್ನೊಂದು ಅವನ ಹತ್ತಿರ ಅಲ್ಲಿ ಇತ್ತು. ಸುಮಾರು ಅರ್ಧ ಕೆಜಿ ತೂಕದ ಡಬ್ಬ. ಕಣ್ಣಿಗೆ ಕಟ್ಟಿಕೊಂಡು ಎರಡೂ ಕೈಯಲ್ಲಿ ಒಂದೊಂದು ಹಿಡಿ ಹಿಡಿದುಕೊಂಡರೆ ಆಯಿತು. ಅಮ್ಮ ನೋಡಿದ ತಕ್ಷಣ ಹೆಸರಿಟ್ಟರು: ಕಣ್ಕಾಪು. ಕುದುರೆಗೆ ಕಟ್ಟುತ್ತಾರಲ್ಲ, ಅದು.

ಜೋಡಿಸಿದ್ದು

ನೆಟ್ ಬಗ್ಗೆ ನನಗಿದ್ದ ಹೆದರಿಕೆ ಸುಳ್ಳಾಯಿತು. ಜೂನ್ ಬಂದರೆ ಆ ಕಡೆ ವಾರಕ್ಕೆ ಎರಡು ಸಲ ಮರ ಬಿದ್ದು ಲೈನ್ ಹೋಗುತ್ತದೆ. ಫೈಬರ್ ಇದ್ದರೂ ಇಲ್ಲದ ಹಾಗೆ. ಮನೆ ಹಿಂದಿನ ದಿಬ್ಬದ ಮೇಲೆ ಪೈಪ್ ನಿಲ್ಲಿಸಿ 4ಜಿ ಆಂಟೆನಾ ಕಟ್ಟಿದೆ. ವಿಡಿಯೊ ಕರೆ ಅದರಲ್ಲಿ ತಡವರಿಸುತ್ತಿತ್ತು, ವಿಆರ್ ಮಾತ್ರ ನಡೆಯಿತು. ಕಾರಣ ಸರಳ. ಅಲ್ಲಿ ಪ್ರತಿ ಕ್ಷಣ ಹೋಗುವುದು ಚಿತ್ರ ಅಲ್ಲ. ತಲೆ ಎಲ್ಲಿದೆ, ಎರಡು ಕೈ ಎಲ್ಲಿವೆ ಅನ್ನುವ ಲೆಕ್ಕ ಮತ್ತು ಧ್ವನಿ ಮಾತ್ರ. ಕೋಣೆ, ಗೋಡೆ, ಕುರ್ಚಿ ಎಲ್ಲ ಮೊದಲೇ ಇಳಿದು ಕೂತಿರುತ್ತದೆ. ಅದನ್ನು ಒಮ್ಮೆ ಇಳಿಸುವುದಕ್ಕೇ ಒಂದು ರಾತ್ರಿ ಬೇಕಾಯಿತು ಅನ್ನಿ.

ವಿಆರ್ ಒಳಗಿನ ಓಡಾಟಕ್ಕೆ, ನಡೆಯುವ ಬದಲು ಒಂದು ಜಾಗದಿಂದ ಇನ್ನೊಂದಕ್ಕೆ ಒಮ್ಮೆಲೇ ಹಾರಿ ಕೂರುವ ವಿಧಾನ ಇಟ್ಟೆ. ಅದರೊಳಗೆ ನಡೆದರೆ ಕಣ್ಣು "ನಡೀತಿದ್ದೀನಿ" ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ "ಇಲ್ಲ, ಕೂತಿದ್ದೀಯ" ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳೆಸುವುದು ನಮಗೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಭಾನುವಾರ ಸಂಜೆ ಆರೂವರೆ. ಅಲ್ಲಿ ಮಧ್ಯಾಹ್ನ ಮೂರು. ಮಗ ಆರಿಸಿದ್ದು ಆ್ಯಪ್‌ನಲ್ಲೇ ಸಿಗುವ ಒಂದು ಮರದ ಮನೆ. ಒಳಗೆ ಬೆಂಕಿಗೂಡು, ಕಿಟಕಿಯಾಚೆ ಹಿಮ. ಗೌಡ್ರು ಒಳಗೆ ಹೋದರು, ಸುತ್ತ ನೋಡಿದರು, ಸುಮ್ಮನಾದರು. ಮಗ ಎಷ್ಟು ಮಾತಾಡಿಸಿದರೂ "ಹ್ಞೂಂ", "ಹೌದು" ಅಷ್ಟೇ. ಇಪ್ಪತ್ತು ನಿಮಿಷಕ್ಕೆ ತೆಗೆದಿಟ್ಟರು. ವಾಟ್ಸಾಪ್‌ಗಿಂತ ಜಾಸ್ತಿ ಏನೂ ಆಗಲಿಲ್ಲ.

ಎರಡು ತಪ್ಪಾಗಿದ್ದವು. ಮೊದಲನೆಯದು ನನ್ನದು. ಗೌಡ್ರು ಕುರ್ಚಿಯಲ್ಲಿ ಕೂತಿದ್ದರು, ಕೂತವರ ಲೆಕ್ಕಕ್ಕೆ ಎತ್ತರ ಹೊಂದಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಅದರೊಳಗೆ ಮಗ ಆರಡಿ ಆಳಾಗಿ ನಿಂತಿದ್ದ. ಅಪ್ಪ ಅವನ ಸೊಂಟದೆತ್ತರಕ್ಕೆ ಸಣ್ಣ ಹುಡುಗನ ಹಾಗೆ ಕತ್ತೆತ್ತಿ ನೋಡುತ್ತಿದ್ದರು. ಇದೇನು ಮಹಾ ಅಂತ ಅನ್ನಿಸಬಹುದು. 2007ರಲ್ಲಿ ನಿಕ್ ಯೀ ಮತ್ತು ಅದೇ ಬೈಲೆನ್ಸನ್ ಮಾಡಿದ ಪ್ರಯೋಗದಲ್ಲಿ, ಎತ್ತರದ ಅವತಾರ (ವಿಆರ್ ಒಳಗೆ ನಮ್ಮ ಬದಲು ಕಾಣುವ ಬೊಂಬೆ) ಸಿಕ್ಕವರು ಹಣ ಹಂಚುವ ಚೌಕಾಸಿಯಲ್ಲಿ ಜಾಸ್ತಿ ಜೋರು ಮಾಡಿದ್ದರು, ಗಿಡ್ಡ ಅವತಾರ ಸಿಕ್ಕವರು ತಮಗೆ ನಷ್ಟವಾದರೂ ಒಪ್ಪಿಕೊಂಡಿದ್ದರು. ಮೈ ಸುಳ್ಳೇ ಇರಬಹುದು. ಅದರೊಳಗೆ ಹೊಕ್ಕ ಮನುಷ್ಯ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುತ್ತಾನೆ. ಮುಂದಿನ ವಾರ ಎತ್ತರ ಸರಿ ಮಾಡಿದೆ. ಗೌಡ್ರ ದನಿಯೇ ಬದಲಾಯಿತು.

ಎರಡನೆಯದನ್ನು ಗೌಡ್ರೇ ಹೇಳಿದರು. "ಅದು ಯಾರ ಮನೆ? ಯಾರೂ ಕೂತ್ಕೊಳ್ಳಿ ಅನ್ಲಿಲ್ಲ." ಅವರು ಅಲ್ಲಿ ನೆಂಟರಾಗಿದ್ದರು. ಅದೂ ಕರೆಯದೇ ಹೋದ ನೆಂಟರು.

ಮಗ ಕಂಪ್ಯೂಟರ್ ಕೆಲಸದವನು. ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ತಮ್ಮ ಮನೆಯ ಜಗಲಿಯನ್ನೇ ಕಟ್ಟತೊಡಗಿದ. ಮೂರು ವಾರ ಹಿಡಿಯಿತು. ನಾಲ್ಕು ಕಂಬ, ಉದ್ದ ಬೆಂಚು, ಕಣ, ಕಣದಾಚೆ ಸಿಲ್ವರ್ ಓಕ್ ಸಾಲು. ಮಳೆಯ ಸದ್ದನ್ನೂ ಹಾಕಿದ್ದ. ನಿಜವಾದ ಮಳೆ ಹೆಂಚಿನ ಮೇಲೆ ಅದಕ್ಕಿಂತ ಜೋರಾಗಿ ಬರುತ್ತಿದ್ದುದರಿಂದ ತೆಗೆದ. ಗೌಡ್ರು ಮೊದಲ ಸಲ ಆ ಜಗಲಿಗೆ ಹೋದಾಗ ಮಾಡಿದ ಕೆಲಸ ತಪ್ಪು ಹುಡುಕಿದ್ದು. "ಮೂರನೇ ಕಂಬ ಇಷ್ಟು ಈಚೆ ಇಲ್ಲ ಕಣೋ. ಅಲ್ಲಿ ನಿನ್ನಜ್ಜನ ಕೋಲು ನಿಲ್ಸ್ತಿದ್ವಲ್ಲ, ಅಷ್ಟು ಜಾಗ ಇತ್ತು." ಎರಡನೆಯ ಕೆಲಸ, ಬೆಂಚಿನ ಒಂದು ತುದಿಗೆ ಸರಿದು "ಬಾ, ಕೂತ್ಕೋ" ಅಂದದ್ದು.

ಅವತ್ತು ಒಂದು ಗಂಟೆ ಹತ್ತು ನಿಮಿಷ ಕೂತಿದ್ದರು. ಅರ್ಧ ಹೊತ್ತು ಮಾತೇ ಇಲ್ಲ. ನಾನು ಹಿಂದೆ ನಿಂತು ರೂಟರ್ ನೋಡುತ್ತಿದ್ದೆ. ಹೆಡ್‌ಸೆಟ್ ಕೆಟ್ಟಿತಾ ಎಂದು ಎರಡು ಸಲ ಹೆದರಿದೆ. ಕೆಟ್ಟಿರಲಿಲ್ಲ. ಅಪ್ಪ ಮಗ ಪಕ್ಕ ಪಕ್ಕ ಕೂತು ಕಣ ನೋಡುತ್ತಿದ್ದರು.

ಒಂದು ಅನಾಹುತ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳುವುದಕ್ಕೆ ನನಗೇ ನಾಚಿಕೆ. ಜುಲೈ ಕೊನೆಯಲ್ಲಿ ಗೌಡ್ರು ವಾರದ ಮಧ್ಯೆ ಒಬ್ಬರೇ ಕೂತು ಏನೋ ಒತ್ತಿದರು. ಜಗಲಿಯ ಬದಲು ಸಾರ್ವಜನಿಕ ಕೋಣೆಯೊಂದಕ್ಕೆ ಹೋಗಿಬಿಟ್ಟರು. ಮೂವತ್ತು ನಲವತ್ತು ಜನ, ಗಲಾಟೆ, ಗೊತ್ತಿಲ್ಲದ ಭಾಷೆ. ಯಾವನೋ ಒಬ್ಬ ಕಪ್ಪೆ ಮುಖದವನು ಬಂದು ಇವರ ಮುಖಕ್ಕೆ ಕೈ ಹಾಕಿದ. ಮುಟ್ಟಿದ್ದು ಯಾರಿಗೂ ತಾಗುವುದಿಲ್ಲ, ನಿಜ. ಆದರೆ ಗೌಡ್ರು ಕುರ್ಚಿ ಸಮೇತ ಹಿಂದಕ್ಕೆ ಜಗ್ಗಿದರು. ಗೋಡೆ ಇದ್ದದ್ದಕ್ಕೆ ಬೀಳಲಿಲ್ಲ.

ಇಂಥದ್ದು ಮೊದಲೇನಲ್ಲ. 2022ರ ಫೆಬ್ರವರಿಯಲ್ಲಿ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿ ತನ್ನ ಹೊರೈಜನ್ ವರ್ಲ್ಡ್ಸ್ ಎಂಬ ವಿಆರ್ ಆ್ಯಪ್‌ನಲ್ಲಿ ಅವತಾರಗಳ ನಡುವೆ ಸುಮಾರು ನಾಲ್ಕು ಅಡಿ ಅಂತರ ತಾನೇ ಉಳಿಯುವಂತೆ ಮಾಡಿದ್ದು ಈ ಥರದ ದೂರುಗಳು ಬಂದ ಮೇಲೆಯೇ. ನಾವು ಬಳಸುತ್ತಿದ್ದ ಆ್ಯಪ್‌ನಲ್ಲೂ ಅಪರಿಚಿತರನ್ನು ದೂರ ಇಡುವ ಆಯ್ಕೆ ಇತ್ತು. ನಾನು ಹಾಕಿರಲಿಲ್ಲ. ತೆರೆದ ತಕ್ಷಣ ನೇರ ಮನೆಯ ಜಗಲಿಗೇ ಹೋಗುವಂತೆಯೂ ಮಾಡಿರಲಿಲ್ಲ. ಮಾಡಲು ಐದು ನಿಮಿಷ ಸಾಕಿತ್ತು. ಗೌಡ್ರು ಎರಡು ವಾರ ಅದನ್ನು ಮುಟ್ಟಲಿಲ್ಲ. "ಸಂತೇಲಿ ಜೇಬು ಕಳ್ಕೊಂಡ ಹಾಗಾಯ್ತು" ಅಂದರು.

ಅಮ್ಮ

ನಿಜವಾದ ಸಮಸ್ಯೆ ಬೇರೆ ಕಡೆ ಬೆಳೆಯುತ್ತಿತ್ತು. ನನಗೆ ಕಾಣಲಿಲ್ಲ. ಮಗನಿಗೂ ಕಾಣಲಿಲ್ಲ.

ಆಗಸ್ಟ್ ಹೊತ್ತಿಗೆ ಅಪ್ಪ ಮಗ ವಾರಕ್ಕೆ ಒಂದು ಗಂಟೆ ಕೂರುತ್ತಿದ್ದರು. ಮಗ ಖುಷಿಯಲ್ಲಿದ್ದ. ನನಗೆ ಫೋನ್ ಮಾಡಿ "ಅಣ್ಣಾ, ಅಪ್ಪ ಇಷ್ಟು ಮಾತಾಡ್ತಾರೆ ಅಂತಾನೇ ಗೊತ್ತಿರ್ಲಿಲ್ಲ" ಅಂದ. ನಾನೂ ಬೀಗಿದೆ. ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಹೋದಾಗ ಅಮ್ಮ ಕಾಫಿ ಕೊಟ್ಟು, ಬಾಗಿಲಿಗೆ ಒರಗಿ ನಿಂತು ಕೇಳಿದರು: "ಆ ಡಬ್ಬ ಹಾಳಾದ್ರೆ ರಿಪೇರಿ ಆಗ್ತದಾ?"

"ಯಾಕಮ್ಮ, ಹಾಳಾಗಿದೆಯಾ?"

"ಇಲ್ಲ. ಸುಮ್ನೆ ಕೇಳ್ದೆ."

ಸುಮ್ನೆ ಕೇಳಿದ್ದಲ್ಲ ಅಂತ ಬೈಕ್ ಹತ್ತಿದ ಮೇಲೆ ಹೊಳೆಯಿತು.

ಲೆಕ್ಕ ಹಾಕಿ ನೋಡಿ. ಆರು ವರ್ಷ ಫೋನು ಅಮ್ಮನ ಕೈಯಲ್ಲಿತ್ತು. ಮಗನ ಜೊತೆ ಯಾರು ಯಾವಾಗ ಎಷ್ಟು ಮಾತಾಡಬೇಕು ಅನ್ನುವುದು ಅವರ ಕೈಯಲ್ಲಿತ್ತು. ನಮ್ಮ ಕಡೆ ಮನೆಗಳಲ್ಲಿ ಅಪ್ಪನ ಮಾತು ಮಕ್ಕಳಿಗೆ, ಮಕ್ಕಳ ಮಾತು ಅಪ್ಪನಿಗೆ ತಲುಪುವುದು ಅಮ್ಮನ ಬಾಯಲ್ಲೇ ಅಲ್ವಾ? ವಿಆರ್ ಬಂದ ಮೇಲೆ ಆ ದಾರಿ ಅಮ್ಮನನ್ನು ಬಿಟ್ಟು ಹೋಯಿತು. ಒಂದು ಗಂಟೆ ಗಂಡ ಕಣ್ಕಾಪು ಕಟ್ಟಿಕೊಂಡು ಗೋಡೆ ನೋಡಿ ನಗುತ್ತಾರೆ, ಕೈ ಬೀಸುತ್ತಾರೆ. ಅಮ್ಮ ಅದೇ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಾರೆ. ಕರೆದರೆ ಅವರಿಗೆ ಕೇಳಿಸುವುದಿಲ್ಲ. "ಇದೇನ್ರೀ ನಿಮ್ಮ ಅವತಾರ!" ಎಂದು ಮೊದಲ ವಾರ ನಕ್ಕಿದ್ದರು. ಈಗ ನಗುತ್ತಿರಲಿಲ್ಲ. ಗಂಟೆ ಮುಗಿದ ಮೇಲೆ ಮಗನೂ ದಣಿದಿರುತ್ತಿದ್ದ. "ಅಮ್ಮಂಗೆ ಹೇಳ್ಬಿಡಿ, ನಾಳೆ ಫೋನ್ ಮಾಡ್ತೀನಿ" ಅನ್ನುತ್ತಿದ್ದ. ನಾಳೆ ಸೋಮವಾರ, ಮಾಡುತ್ತಿರಲಿಲ್ಲ.

ಹಬ್ಬದ ದಿನ ಮಗ ಕರೆ ಮಾಡಿ ಅಮ್ಮನನ್ನು ಕೇಳಿದಾಗ ಅಮ್ಮ ಅಂದದ್ದು: "ನಿಮ್ಮಪ್ಪನ ಹತ್ರಾನೇ ಮಾತಾಡು. ಅವರಿಗೆ ಎಲ್ಲ ಗೊತ್ತಿರ್ತದೆ."

ಮಗ ಆಗ ಹೆದರಿ ನನಗೆ ಫೋನ್ ಮಾಡಿದ. ಮೂರು ಉಪಾಯ ಮಾಡಿದೆವು.

ಮೊದಲು ಅಮ್ಮನಿಗೇ ಹೆಡ್‌ಸೆಟ್ ಹಾಕಿದೆವು. ಹಿಂಬದಿಯ ಪಟ್ಟಿ ಸರಿಯಾಗಿ ತುರುಬಿನ ಮೇಲೆ ಬರುತ್ತದೆ. ಮೇಲೆ ಕಟ್ಟಿದರೆ ಮುಂದಕ್ಕೆ ಜಾರುತ್ತದೆ, ಕೆಳಗೆ ಕಟ್ಟಿದರೆ ಮೂಗು ಒತ್ತುತ್ತದೆ. ಕನ್ನಡಕ ಬೇರೆ. ಇದನ್ನು ಮಾಡಿದವರು ತುರುಬು ಕಟ್ಟಿದ ಹೆಂಗಸರನ್ನು ಒಮ್ಮೆಯೂ ನೋಡಿಲ್ಲವೇನೋ. ನಾಲ್ಕು ನಿಮಿಷಕ್ಕೆ ತಲೆ ಸುತ್ತು ಬಂತು. ತೆಗೆದಿಟ್ಟರು. ಅದರ ಸುದ್ದಿ ಮತ್ತೆ ಎತ್ತಬಾರದು ಅಂದರು.

ಎರಡನೆಯದು, ಗೌಡ್ರಿಗೆ ಕಾಣುವುದನ್ನೇ ಟಿವಿಯಲ್ಲಿ ತೋರಿಸುವುದು. ನನಗೆ ಇದೇ ಸರಿ ಅನ್ನಿಸಿತ್ತು. ಆಗಲಿಲ್ಲ. ಗೌಡ್ರು ಕತ್ತು ತಿರುಗಿಸಿದ ಹಾಗೆಲ್ಲ ಟಿವಿ ಚಿತ್ರ ಹೊಯ್ದಾಡುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಅಮ್ಮನಿಗೆ ಮಗ ಕಾಣುತ್ತಾನೆ, ಮಗನಿಗೆ ಅಮ್ಮ ಕಾಣುವುದಿಲ್ಲ. ನೋಡುವುದು ಬೇರೆ, ಅಲ್ಲಿ ಇರುವುದು ಬೇರೆ ಎಂದು ಅಮ್ಮನ ಮುಖ ನೋಡಿದಾಗ ತಿಳಿಯಿತು. ಧಾರಾವಾಹಿ ನೋಡುವ ಹಾಗೆ ಹತ್ತು ನಿಮಿಷ ನೋಡಿ, ಎದ್ದು ಹೋದರು.

ಮೂರನೆಯದು ಹೊಳೆದದ್ದು ಮಗನಿಗೆ. ಇಂಥ ಕೆಲವು ಆ್ಯಪ್‌ಗಳಿಗೆ ಹೆಡ್‌ಸೆಟ್ ಇಲ್ಲದೆ ಮಾಮೂಲಿ ಫೋನಿನಿಂದಲೂ ಬರಬಹುದು. ಅಮ್ಮನ ಫೋನಿಗೆ ಹಾಕಿದೆ. ಸೀರೆ ಉಟ್ಟ ಒಂದು ಅವತಾರ ಹುಡುಕಿಕೊಟ್ಟೆವು. ಮೊದಲ ಸಲ ಇಬ್ಬರೂ ಹಜಾರದಲ್ಲೇ ಕೂತರು. ಕಿವಿ ಹರಿಯುವಂಥ ಕೀರಲು ಸದ್ದು! ಒಂದೇ ಕೋಣೆಯಲ್ಲಿ ಎರಡು ಮೈಕು, ಒಂದರ ದನಿ ಇನ್ನೊಂದಕ್ಕೆ ಹೋಗಿ ಸುತ್ತು ಹೊಡೆಯುತ್ತಿತ್ತು. ಅಮ್ಮ ಫೋನು ಎತ್ತಿಕೊಂಡು ಅಡುಗೆಮನೆಗೆ ನಡೆದರು. ಮೆಣಸಿನಪುಡಿ ಡಬ್ಬಕ್ಕೆ ಒರಗಿಸಿಟ್ಟು, ಅಕ್ಕಿ ರೊಟ್ಟಿ ತಟ್ಟುವುದಕ್ಕೆ ಶುರು ಮಾಡಿದರು.

ಫೋನಿನಲ್ಲಿ ಬಂದ ಅವತಾರ ತಾನಾಗಿ ಓಡಾಡುವುದಿಲ್ಲ. ಬೆರಳಲ್ಲಿ ಸರಿಸಬೇಕು. ಅಮ್ಮನ ಕೈಯಲ್ಲಿ ಹಿಟ್ಟು. ಹಾಗಾಗಿ ಅವರ ಅವತಾರ ಜಗಲಿಯ ಬಲತುದಿಯ ಕಂಬದ ಹತ್ತಿರ ಕಂಬದ ಹಾಗೇ ನಿಂತುಬಿಟ್ಟಿತು. ನಾನು ಅಯ್ಯೋ ಇದೂ ಕೆಟ್ಟಿತು ಅಂದುಕೊಂಡೆ. ಆದರೆ ಅಂಥ ಕೋಣೆಗಳಲ್ಲಿ ದನಿ ದೂರಕ್ಕೆ ತಕ್ಕ ಹಾಗೆ ಸಣ್ಣದಾಗುತ್ತದೆ. ಮಗನಿಗೆ ಮೊದಲು ಕೇಳಿಸಿದ್ದು ಅಮ್ಮನ ಮಾತಲ್ಲ. ಕಾವಲಿ ಮೇಲೆ ರೊಟ್ಟಿ ಮಗುಚುವ ಸದ್ದು, ದೂರದಲ್ಲಿ, ಬಲಗಡೆಯಿಂದ. ಅವನು ಬೆಂಚಿನಿಂದ ಎದ್ದು ಆ ಕಂಬದ ಹತ್ತಿರ ಹೋಗಿ ನಿಂತ. "ಏನ್ ಮಾಡ್ತಿದ್ದೀಯಮ್ಮಾ?" ಅಂದ.

ಅವನು ಮನೆಯಲ್ಲಿದ್ದಾಗಲೂ ಹೀಗೇ ಅಂತೆ. ಜಗಲಿಯಲ್ಲಿ ಅಪ್ಪನ ಜೊತೆ ಸ್ವಲ್ಪ ಹೊತ್ತು ಕೂತು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ನಿಂತು ಬೇರೆ ಮಾತು.

ಸೋಷಿಯಲ್ ವಿಆರ್ ಜನರ ಒಡನಾಟವನ್ನು ಬದಲಿಸುತ್ತದೆ ಎನ್ನುವವರು ಮುಖ, ಕಣ್ಣು, ಕೈಸನ್ನೆ ಎಂದೆಲ್ಲ ಹೇಳುತ್ತಾರೆ. ನಾನು ಈ ಮನೆಯಲ್ಲಿ ಕಂಡದ್ದು ಬೇರೆ. ವಿಡಿಯೊ ಕರೆಯಲ್ಲಿ ಒಂದು ಹೊತ್ತಿಗೆ ಒಂದೇ ಮಾತುಕತೆ ನಡೆಯಬಹುದು, ಎಲ್ಲರೂ ಎಲ್ಲವನ್ನೂ ಕೇಳಲೇಬೇಕು. ಇಲ್ಲಿ ಎರಡು ಮೂಲೆಯಲ್ಲಿ ಎರಡು ಮಾತು ನಡೆಯಬಹುದು. ಪಿಸುಮಾತಿಗೆ ಜಾಗ ಇದೆ. ಎದ್ದು ಹೋಗುವುದಕ್ಕೂ ಜಾಗ ಇದೆ. ಮನೆ ಅಂದರೆ ಅರ್ಧ ಇದೇ ತಾನೆ?

ಕೈ ನಡುಕ

ಆ ಪಿಸುಮಾತಿನಲ್ಲೇ ಮುಂದಿನ ತಿರುವು ಬಂತು. ಎರಡೋ ಮೂರೋ ವಾರದ ನಂತರ ಮಗ ಕಂಬದ ಹತ್ತಿರ ಬಂದು ಕೇಳಿದ: "ಅಪ್ಪನ ಬಲಗೈ ನಡುಗ್ತದಲ್ಲಮ್ಮ, ಎಷ್ಟು ದಿನದಿಂದ?"

ವಿಡಿಯೊ ಕರೆಯಲ್ಲಿ ಆರು ವರ್ಷ ಅಪ್ಪನ ಮುಖ ಮಾತ್ರ ಕಂಡಿತ್ತು. ಫೋನು ಹಿಡಿದಿದ್ದ ಕೈ ಅಮ್ಮನದು. ಇಲ್ಲಿ ಮುಖ ನಿಜದ್ದಲ್ಲ, ಬೊಂಬೆಯದು. ಕೈ ಮಾತ್ರ ನಿಜದ್ದು. ಹಿಡಿಯ ಅಲುಗಾಟ ಹಾಗೆ ಹಾಗೇ ಆ ಬೊಂಬೆಯ ಕೈಗೆ ಬರುತ್ತದೆ. ಸುಮ್ಮನೆ ಕಣ ನೋಡುತ್ತಾ ಕೂತಾಗ ಅಪ್ಪನ ಕೈ ತೊಡೆ ಮೇಲೆ ಸಣ್ಣಗೆ ಅದುರುವುದನ್ನು ಮಗ ಮೂರು ಭಾನುವಾರ ನೋಡಿದ್ದಾನೆ.

ಅಮ್ಮ ಹೇಳಿದರು: "ಎರಡು ವರ್ಷ ಆಗ್ತಾ ಬಂತು. ಈಗ ಲೋಟ ತುಂಬ ಕಾಫಿ ಕೊಡಲ್ಲ ನಾನು. ಅರ್ಧ ಕೊಡ್ತೀನಿ, ಎರಡು ಸಲ."

ಮಗ ಅವಸರ ಮಾಡಿದ. ಮರುದಿನವೇ ಮೂಡಿಗೆರೆಯ ಪರಿಚಯದ ಡಾಕ್ಟರಿಗೆ ಫೋನ್ ಮಾಡಿದ. ಡಾಕ್ಟರು ಪೇಟೆಯಲ್ಲಿ ಸಿಕ್ಕಾಗ ಗೌಡ್ರಿಗೆ ಹೇಳಿದರು. ಗೌಡ್ರು ಕೆಂಡವಾದರು. "ಕೂತ್ಕೊಂಡು ಮಾತಾಡಣ ಅಂತ ಕರೆದ್ಯೋ, ನನ್ನ ಕೈಕಾಲು ಪರೀಕ್ಷೆ ಮಾಡಕ್ಕೆ ಕರೆದ್ಯೋ?" ಹೆಡ್‌ಸೆಟ್ ಡಬ್ಬದೊಳಗೆ ಹೋಯಿತು.

ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ನಾವು ಮುಖ ಮುಚ್ಚಿಕೊಂಡಿದ್ದೇವೆ, ಯಾರಿಗೂ ಏನೂ ಕಾಣುವುದಿಲ್ಲ ಎಂದುಕೊಂಡು ಇದನ್ನು ಹಾಕಿಕೊಳ್ಳುತ್ತೇವೆ. 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಐವತ್ತು ಸಾವಿರಕ್ಕೂ ಹೆಚ್ಚು ಜನ ವಿಆರ್ ಆಟ ಆಡಿದ ದಾಖಲೆ ತೆಗೆದು ನೋಡಿದರು. ತಲೆ ಮತ್ತು ಕೈಗಳ ಚಲನೆ 100 ಸೆಕೆಂಡ್ ಸಿಕ್ಕರೆ, ಇದು ಇಂಥವರೇ ಎಂದು 94%ಗೂ ಹೆಚ್ಚು ಸಲ ಸರಿಯಾಗಿ ಗುರುತಿಸಬಹುದು ಎಂದು ತೋರಿಸಿದರು. ಮುಖ ಬೇಡ, ಹೆಸರು ಬೇಡ. ಕೈ ಬೀಸುವ ರೀತಿ ಸಾಕು. ಕಂಪನಿಗೇ ಇಷ್ಟು ಗೊತ್ತಾಗುವಾಗ ಹೆತ್ತ ಮಗನಿಗೆ ಗೊತ್ತಾಗದೆ ಇರುತ್ತದಾ? ಇದನ್ನು ಮೊದಲೇ ಗೌಡ್ರಿಗೆ ಹೇಳಬೇಕಿತ್ತು, ನಾನಾಗಲಿ ಮಗನಾಗಲಿ. ಹೇಳಿರಲಿಲ್ಲ.

ಖಾಲಿ ಜಗಲಿ

ಎರಡು ಭಾನುವಾರ ಜಗಲಿಗೆ ಯಾರೂ ಹೋಗಲಿಲ್ಲ. ಮೂರನೆಯದು ಅಕ್ಟೋಬರ್ ಕೊನೆಯ ಭಾನುವಾರ. ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಆರೂವರೆಗೆ ಗೌಡ್ರು ಯಾರಿಗೂ ಹೇಳದೆ ಡಬ್ಬ ತೆಗೆದು ಹೆಡ್‌ಸೆಟ್ ಹಾಕಿಕೊಂಡರು. ಮಗ ಅಲ್ಲಿರಲಿಲ್ಲ. ಸಿಟ್ಟಿನಿಂದಲ್ಲ. ಯುರೋಪಿನಲ್ಲಿ ಆ ದಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಮಗೂ ಜರ್ಮನಿಗೂ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಗುತ್ತದೆ. ಅಲ್ಲಿನ ಮೂರು ಗಂಟೆ ಅಂದರೆ ಇಲ್ಲಿ ಏಳೂವರೆ. ಮಗ ಅಮ್ಮನ ಫೋನಿಗೆ ಮೆಸೇಜ್ ಹಾಕಿದ್ದ. ಗಂಡ ಹೇಗೂ ಹೋಗುವುದಿಲ್ಲ ಅಂತ ಅಮ್ಮ ಅದನ್ನು ಹೇಳಿರಲಿಲ್ಲ.

ಗೌಡ್ರು ಕಾದರು. ಅಮ್ಮ ಅಡುಗೆಮನೆ ಬಾಗಿಲಿಂದ ನೋಡಿದರು. ಹಜಾರದಲ್ಲಿ ದೀಪ ಹಾಕಿರಲಿಲ್ಲ. ಕಣ್ಕಾಪು ಕಟ್ಟಿಕೊಂಡ ಗಂಡ, ತೊಡೆ ಮೇಲೆ ಎರಡು ಕೈ, ಅಲುಗಾಟ ಇಲ್ಲ, ಮಾತಿಲ್ಲ. ಕರೆಯೋಣ ಅಂದುಕೊಂಡರಂತೆ. ಕರೆಯಲಿಲ್ಲ. ಫೋನು ತೆಗೆದು ಆ್ಯಪ್ ಒತ್ತಿ ತಮ್ಮ ಕಂಬದ ಹತ್ತಿರ ಹೋಗಿ ನಿಂತರು.

"ಅವನು ಬಂದಿಲ್ಲ" ಅಂದರು ಗೌಡ್ರು.

"ಬರ್ತಾನೆ. ಅಲ್ಲಿ ಗಂಟೆ ಹಿಂದೆ ಹೋಗಿದೆಯಂತೆ. ಕೂತಿರಿ."

ನಿಜವಾದ ಮನೆಯಲ್ಲಿ ಅವರಿಬ್ಬರ ನಡುವೆ ಹದಿನೈದು ಹೆಜ್ಜೆ. ಆದರೂ ಇಬ್ಬರೂ ಆ ಬೊಂಬೆ ಜಗಲಿಯಲ್ಲೇ ಮಾತಾಡಿದರು. ಏನು ಮಾತಾಡಿದರು ಎನ್ನುವುದು, ಮೇಲೆ ಹೇಳಿದೆನಲ್ಲ, ಅಮ್ಮ ಬೇಡ ಅಂದ ಭಾಗ. ಏಳೂವರೆಗೆ ಮಗ ಬಂದಾಗ ಇಬ್ಬರೂ ಅಲ್ಲಿದ್ದರು. ಗೌಡ್ರು ಬೆಂಚಿನ ತುದಿಗೆ ಸರಿದು, ಕಣದ ಕಡೆ ನೋಡುತ್ತಲೇ ಅಂದರಂತೆ: "ಕೈ ವಿಷಯ ನನ್ನ ಹತ್ರಾನೇ ಕೇಳಬಹುದಿತ್ತು." ಮಗ "ಹೌದು ಅಪ್ಪ" ಅಂದ. ಮುಂದೆ ತುಂಬ ಹೊತ್ತು ಯಾರೂ ಏನೂ ಅನ್ನಲಿಲ್ಲ. ಈ ಮಾತನ್ನು ವಾಟ್ಸಾಪ್ ವಿಡಿಯೊದಲ್ಲಿ ಮುಖ ನೋಡಿಕೊಂಡು ಗೌಡ್ರು ಆಡುತ್ತಿರಲಿಲ್ಲ, ಅದು ನನಗೆ ಖಾತ್ರಿ. ನವೆಂಬರಿನಲ್ಲಿ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡರು. ಅದರ ವಿವರ ಅವರ ಮನೆಯದು.

ಆಮೇಲೆ

ಅರೇಬಿಕಾ ಕೊಯ್ಲು ಶುರುವಾದ ಮೇಲೆ ಜನವರಿವರೆಗೆ ವಿಆರ್ ಹೆಚ್ಚು ನಡೆಯಲಿಲ್ಲ. ಕಣದಲ್ಲಿ ನಿಜವಾದ ಕಾಫಿ ಹರವಿರುವಾಗ ಬೊಂಬೆ ಕಣ ಯಾರಿಗೆ ಬೇಕು? ಮಗನಿಗೆ ಸ್ವಲ್ಪ ಬೇಜಾರಾಯಿತು, ಹೇಳಿಕೊಂಡ. ಈಗ ಎರಡು ವಾರಕ್ಕೊಮ್ಮೆ ಕೂರುತ್ತಾರೆ. ನಡುವಿನ ವಾರ ಹಳೆಯ ವಾಟ್ಸಾಪ್, ಅಮ್ಮನ ಕೈಯಲ್ಲಿ. ಇದು ಅಮ್ಮ ಮಾಡಿದ ಏರ್ಪಾಟು, ಯಾರೂ ಎದುರಾಡಲಿಲ್ಲ. ಮಗಳು ಎರಡು ಸಲ ಲ್ಯಾಪ್‌ಟಾಪಿನಿಂದ ಬಂದಳು, ಬಿಟ್ಟಳು. ಅವಳು ತಿಂಗಳಿಗೊಮ್ಮೆ ಬಸ್ ಹತ್ತಿ ಬಂದೇ ಬರುತ್ತಾಳೆ, ಅವಳಿಗೆ ಇದು ಬೇಕಾಗಿಲ್ಲ.

ಪಕ್ಕದ ತೋಟದ ಭಾವನವರ ಸಂಗತಿ ಒಂದು ಇದೆ. ಭಾನುವಾರ ಸಂಜೆ ಇಸ್ಪೀಟಿಗೆ ಬರುತ್ತಿದ್ದವರು, ಎರಡು ಸಲ ಬಂದಾಗಲೂ ಗೌಡ್ರು ಹೆಡ್‌ಸೆಟ್ ಹಾಕಿಕೊಂಡಿದ್ದರು. ಮೂರನೇ ವಾರದಿಂದ ಬರುವುದನ್ನೇ ನಿಲ್ಲಿಸಿದರು. ಇದನ್ನು ಗೌಡ್ರೇ ಗಮನಿಸಿ, ಕರೆದು, ಭಾವನವರ ತಲೆಗೂ ಒಮ್ಮೆ ಹೆಡ್‌ಸೆಟ್ ಏರಿಸಿದರು. ಜರ್ಮನಿಯಲ್ಲಿದ್ದ ಹುಡುಗ ಹತ್ತಿರ ಬಂದ ತಕ್ಷಣ ಭಾವನವರು ಎರಡು ಹೆಜ್ಜೆ ಹಿಂದೆ ಹೋಗಿ "ದೂರ ನಿಂತ್ಕೋ ಮಾರಾಯ, ಮೈಮೇಲೆ ಬರ್ತೀಯಲ್ಲ" ಅಂದರು. ಇಸ್ಪೀಟು ಈಗ ಶನಿವಾರಕ್ಕೆ ಹೋಗಿದೆ. ಆದರೆ ಮೊದಲಿನಷ್ಟು ಇಲ್ಲ ಎಂದು ಭಾವನವರು ನನ್ನ ಹತ್ತಿರ ಎರಡು ಸಲ ಹೇಳಿದ್ದಾರೆ. ಆ ನಷ್ಟ ಸರಿಯಾಗಿಲ್ಲ.

ನಾನು ಕೆಲಸ ಮಾಡುವ ರೀತಿ ಇದಾದ ಮೇಲೆ ಬದಲಾಗಿದೆ. ಹೊಸ ಮನೆಗೆ ಹೋದರೆ ಡಬ್ಬ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈಗ ಮಕ್ಕಳ ಫೋನ್ ಬಂದರೆ ಯಾರು ಎತ್ತುತ್ತಾರೆ? ಅವರ ಜಾಗ ಮೊದಲು ಗಟ್ಟಿ ಮಾಡಿ, ಆಮೇಲೆ ಹೆಡ್‌ಸೆಟ್. ಹಾಕಿಕೊಳ್ಳುವವರಿಗೆ ಏನು ಕಾಣುತ್ತದೆ ಎಂದು ನೋಡುವುದಕ್ಕಿಂತ, ಹಾಕಿಕೊಳ್ಳದೆ ಪಕ್ಕದಲ್ಲಿ ಕೂತವರಿಗೆ ಏನು ಕಾಣುತ್ತದೆ ಎಂದು ನೋಡುವುದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಕೈ ಅಲುಗಾಟ, ಕತ್ತಿನ ಬಾಗು ಎಲ್ಲ ಆ ಕಡೆಗೆ ಹೋಗುತ್ತದೆ ಅಂತ ಬಾಯಿ ಬಿಟ್ಟು ಹೇಳುತ್ತೇನೆ. ಇಬ್ಬರು ಅದನ್ನು ಕೇಳಿ "ಹಾಗಾದ್ರೆ ಬೇಡ" ಅಂದಿದ್ದಾರೆ. ಹಾಕಿಕೊಡದೆ ವಾಪಸ್ ಬಂದಿದ್ದೇನೆ. ಪೆಟ್ರೋಲ್ ದುಡ್ಡು ಕೊಟ್ಟರು.

ಮೊನ್ನೆ ಅಮ್ಮನ ಫೋನ್ ಬಂತು. ಇನ್ವರ್ಟರ್ ಇರಬೇಕು ಅಂದುಕೊಂಡೆ.

"ಹಜಾರದಲ್ಲಿ ನಾಲ್ಕು ಕಡ್ಡಿ ತೋರಿಸ್ತದೆ, ಅಡುಗೆಮನೇಲಿ ಎರಡೇ. ನಾನು ಮಾತಾಡ್ವಾಗ ಕಟ್ ಆಗ್ತದಂತೆ. ಅಲ್ಲೂ ಒಂದು ಡಬ್ಬ ಹಾಕಕ್ಕೆ ಎಷ್ಟಾಗ್ತದೆ?"

ಹೇಳಿದೆ. ಸ್ವಲ್ಪ ಚೌಕಾಸಿ ಮಾಡಿದರು. ಶನಿವಾರ ಹೋಗಿ ಒಲೆಯ ಹಬೆ ತಾಗದ ಕಡೆ, ಉಪ್ಪಿನಕಾಯಿ ಭರಣಿ ಇಡುವ ಅಟ್ಟದ ಪಕ್ಕ, ಎರಡನೇ ರೂಟರ್ ಹಾಕಿ ಬಂದೆ.